ಗಟ್ಟಿ ನೆಲದ ವೀರನೌಕೆ

ಮುಳುಗದ ಹಡಗೆಂದು ಹೆಸರಾದ ಟೈಟಾನಿಕ್ ಮೊದಲ ಪ್ರಯಾಣದಲ್ಲೇ ಮುಳುಗಿತು. ಅಮೆರಿಕದ ನೌಕಾಪಡೆ ಅದಕ್ಕಿಂತ ಜಾಣ. ಸ್ಯಾನ್ ಡಿಯಾಗೋದ ಪಾಯಿಂಟ್ ಲೋಮಾದಲ್ಲಿ ತಾನು ಕಟ್ಟಿಸಿದ ಹಡಗನ್ನು ನೀರಿಗೇ ಇಳಿಸಲಿಲ್ಲ.

ಹೆಸರು ಯುಎಸ್‌ಎಸ್ ರಿಕ್ರೂಟ್. ಉದ್ದ 225 ಅಡಿ, ಗಾತ್ರ ಅಸಲಿ ಹಡಗಿನ ಮೂರರಲ್ಲಿ ಎರಡು ಪಾಲು, ಬುಡ ಕಾಂಕ್ರೀಟಿನಲ್ಲಿ. 1949ರ ಜುಲೈನಲ್ಲಿ ಶಾಸ್ತ್ರೋಕ್ತವಾಗಿ ಸೇವೆಗೂ ಸೇರಿಸಿಕೊಂಡರು. ಪಡೆಗೆ ಹೊಸದಾಗಿ ಸೇರಿದ ಹುಡುಗರು ಇದರ ಮೇಲೆ ಹಗ್ಗ ಕಟ್ಟಿದರು, ಬಿಚ್ಚಿದರು, ಕಾವಲು ನಿಂತು ದಿಗಂತ ನೋಡಿದರು. ಬಿರುಗಾಳಿಯಿಲ್ಲ, ಅಲೆಯಿಲ್ಲ, ವಾಂತಿಯೂ ಇಲ್ಲ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯನ್ನು ಸರ್ಕಾರಿ ಖರ್ಚಿನಲ್ಲಿ ಇಷ್ಟು ಭವ್ಯವಾಗಿ ಕಟ್ಟಿಸಿದ್ದು ಬೇರೆಲ್ಲೂ ಇರಲಾರದು. ನಾವಿಕರೇ ಅದನ್ನು ‘ನೆವರ್‌ಸೇಲ್’ ಎಂದು ಕರೆದು ನಕ್ಕರು.

18 ವರ್ಷ ಯಾವ ಶತ್ರುವೂ ಮುಟ್ಟದ ಈ ನೌಕೆಯನ್ನು 1967ರಲ್ಲಿ ಕೆಡವಿದ್ದು ಕಂಪ್ಯೂಟರ್. ಹಡಗುಗಳ ಪಟ್ಟಿಯನ್ನು ಯಂತ್ರಕ್ಕೆ ಊಡಿದಾಗ, ಇದು ಯಾವ ವರ್ಗದ್ದೆಂದು ಅದಕ್ಕೆ ಬಗೆಹರಿಯಲಿಲ್ಲ. ವರ್ಗವಿಲ್ಲದ ಮೇಲೆ ಹಡಗೆಲ್ಲಿ? ಸೇವೆಯಿಂದ ಬಿಡುಗಡೆಯಾಯಿತು. ಬಿಡುಗಡೆಯಾದರೂ ಹಡಗು ಅಲ್ಲೇ ನಿಂತಿತು. ಹೊರಡೋಣವೆಂದರೆ ಅದಕ್ಕೆ ಬರುತ್ತಿದ್ದದ್ದು ನಿಲ್ಲುವುದೊಂದೇ.

1982ರಲ್ಲಿ ಮತ್ತೆ ಯೋಗ ಕೂಡಿಬಂತು. ಪೆರ್ರಿ ವರ್ಗದ ಕ್ಷಿಪಣಿ ಫ್ರಿಗೇಟಿನ ವೇಷ ತೊಡಿಸಿ ಮರುನೇಮಕ ಮಾಡಿದರು. 1997ರಲ್ಲಿ, ಹಡಗು ನಿಂತಿದ್ದ, 1923ರಿಂದ ನಡೆದುಬಂದಿದ್ದ ನೌಕಾಪಡೆಯ ತರಬೇತಿ ಕೇಂದ್ರಕ್ಕೇ ಬೀಗ ಬಿತ್ತು. ಈಗ ಆ ಜಾಗ ಲಿಬರ್ಟಿ ಸ್ಟೇಷನ್. ಅಂಗಡಿ, ಹೋಟೆಲು, ತಿಂಡಿಕಟ್ಟೆಗಳ ಪೇಟೆ. ಹಿಂದೆ ಹುಡುಗರನ್ನು ಗದರಿಸಿ ಸಾಲಿನಲ್ಲಿ ನಿಲ್ಲಿಸಬೇಕಿತ್ತು; ಈಗ ಜನ ದುಡ್ಡು ಕೊಟ್ಟು ತಾವಾಗಿಯೇ ನಿಲ್ಲುತ್ತಾರೆ. ಶಿಸ್ತು ಕಲಿಸುವುದರಲ್ಲಿ ನೌಕಾಪಡೆಗಿಂತ ಕಾಫಿಯಂಗಡಿ ಮುಂದಿದೆ. ನಡುವೆ ನಮ್ಮ ನೌಕೆ, ಕ್ಯಾಲಿಫೋರ್ನಿಯಾ ರಾಜ್ಯದ ಐತಿಹಾಸಿಕ ಸ್ಮಾರಕವೆಂಬ ಬಿರುದು ಹೊತ್ತು, ಸೆಲ್ಫಿಗಳಿಗೆ ಮುಖ ಕೊಟ್ಟು ನಿಂತಿದೆ.

ಅದು ಯಾರ ವೇಷ ಹಾಕಿತ್ತೋ ಆ ಅಸಲಿ ಪೆರ್ರಿ ಫ್ರಿಗೇಟುಗಳು ಏನಾದವು? ದಶಕಗಳ ಕಾಲ ಸಮುದ್ರದಲ್ಲಿ ದುಡಿದವು. 2015ರ ಹೊತ್ತಿಗೆ ಅಮೆರಿಕ ಅಷ್ಟನ್ನೂ ಸೇವೆಯಿಂದ ತೆಗೆಯಿತು. ಕೆಲವನ್ನು ಗುರಿ ಹೊಡೆಯುವ ಅಭ್ಯಾಸಕ್ಕೆಂದು ತಾನೇ ಹೊಡೆದು ಮುಳುಗಿಸಿತು. ಕೆಲಸ ಮಾಡಿದವರಿಗೆ ಕಡಲ ತಳ, ಮಾಡಿದಂತೆ ತೋರಿದವರಿಗೆ ಸ್ಮಾರಕ ಪದವಿ.

ಸರ್ಕಾರಿ ಸೇವೆಗೆ ಹೊಸದಾಗಿ ಸೇರುವವರಿಗೆ ಈ ಹಡಗು ಇಂದಿಗೂ ತರಬೇತಿ ಕೊಡುತ್ತಿದೆ. ಪಾಠ ಒಂದೇ: ಕೆಲಸಕ್ಕೆ ಹಾಜರಾದ ದಿನವೇ ಕುರ್ಚಿಯ ಕಾಲಿಗೆ ಕಾಂಕ್ರೀಟು ಹಾಕಿಸಿಕೊಳ್ಳಿ.