ಲೆಕ್ಕಕ್ಕೊಂದು ದಿನಚರಿ

ನಮ್ಮ ಕಾಲದಲ್ಲಿ ಲೆಕ್ಕ ತಪ್ಪಿದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಯಾಕೆ ತಪ್ಪಿತು ಅಂತ ಕೇಳುವ ಪದ್ಧತಿ ಇರಲಿಲ್ಲ. ಈಗಿನ ಮಕ್ಕಳು ಲೆಕ್ಕಕ್ಕೂ ದಿನಚರಿ ಬರೆಯುತ್ತಾರೆ, ಅದೂ ಆನ್‌ಲೈನಿನಲ್ಲಿ, ಅಮ್ಮನ ಮೊಬೈಲಿನಲ್ಲಿ.

ಪಕ್ಕದ ಮನೆ ಪುಟ್ಟಿ, ಎರಡನೇ ಕ್ಲಾಸು, ಬರೆದಳು: ‘52ರಲ್ಲಿ 27 ಕಳೆದರೆ 35. ಎರಡರಲ್ಲಿ ಏಳು ಹೋಗಲ್ಲ. ಅದಕ್ಕೇ ಏಳರಲ್ಲಿ ಎರಡು ಕಳೆದೆ. ಪಕ್ಕದವರ ಹತ್ರ ಸಾಲ ತಗೋಬಾರದು ಅಂತ ಅಜ್ಜಿ ಹೇಳಿದ್ದಾಳೆ.’

ಕೆಂಪು ಶಾಯಿಯ ತಪ್ಪು ಗುರುತಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಟೀಚರ್ ಕೆಳಗೇ ಬರೆದರು: ‘ನಿನ್ನ ಹತ್ರ ಐದು ಹತ್ತರ ನೋಟು, ಎರಡು ರೂಪಾಯಿ ಚಿಲ್ಲರೆ ಇದೆ. ಅಂಗಡಿಗೆ 27 ಕೊಡು, ನೋಡೋಣ.’ ಒಂದು ನೋಟು ಮುರಿಸಿದ್ದೇ ತಡ, 25 ಬಂತು.

ಫಜೀತಿ ಹೆತ್ತವರದು. ಮಗುವಿನ ದಿನಚರಿಯನ್ನು ಕೆಲವರು ತಾವೇ ಬರೆದುಬಿಡುತ್ತಾರೆ. ‘ಇಂದು ನಾನು ವ್ಯವಕಲನದ ಪರಿಕಲ್ಪನೆಯನ್ನು ಮನಗಂಡೆನು’ ಎಂದು ಯಾವ ಏಳು ವರ್ಷದ ಮಗು ಬರೆದೀತು?

ಶ್ರೀನಿವಾಸ ರಾಮಾನುಜನ್ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಲ್ಲಿ ಒರೆಸಿ, ನೋಟ್‌ಬುಕ್ಕಿಗೆ ಹೆಚ್ಚಾಗಿ ಉತ್ತರವನ್ನಷ್ಟೇ ಇಳಿಸುತ್ತಿದ್ದರು. ಅದು ಹೇಗೆ ಬಂತೆಂದು ಹುಡುಕುತ್ತ ಗಣಿತಜ್ಞರು ದಶಕಗಟ್ಟಲೆ ತಲೆ ಕೆರೆದುಕೊಂಡರು. ನಿಮ್ಮ ಮಗು ರಾಮಾನುಜನ್ ಆಗುವುದಾದರೆ ಆಗಲಿ. ಅಲ್ಲಿಯವರೆಗೆ ಫೋನು ಅದರ ಕೈಗೆ ಕೊಟ್ಟು, ದಯವಿಟ್ಟು ನೀವು ಸ್ವಲ್ಪ ಆಚೆ ಸರಿಯಿರಿ.