ಕುರಿಗಾಹಿ ಲೋಪಸಂಧಿ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಕಾರ್ಯವಿಧಾನ ದಾಖಲಾತಿಯನ್ನು ಕುರಿತ ಒಂದು ಪ್ರೌಢ ಪ್ರಬಂಧ

ಕೆಲಸ ಮಾಡುವವನು ಆ ಕೆಲಸವನ್ನು ಹೇಗೆ ಮಾಡುತ್ತಾನೆಂದು ಕೆಲಸ ಮಾಡದವನು ಬರೆದಿಡುವ ಶಾಸ್ತ್ರಕ್ಕೆ ಕಾರ್ಯವಿಧಾನ ದಾಖಲಾತಿ ಎಂದು ಹೆಸರು. ಈ ಶಾಸ್ತ್ರ ಅಮೆರಿಕದಲ್ಲಿ ಹುಟ್ಟಿತೆಂದು ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಪಾಠ ಹೇಳುತ್ತಾರೆ. ಅದು ತರೀಕೆರೆಯ ಕೆರೆ ಏರಿಯ ಮೇಲೆ ಹುಟ್ಟಿತೆಂದು ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ನಾಲಿಗೆ ಹೊರಳದ ಮಕ್ಕಳಿಗೆ ಕನ್ನಡ ನಾಡಿನಾದ್ಯಂತ ಕಲಿಸುವ, ಆ ಏರಿಯ ಮೇಲೆ ಮೂರು ಕರಿ ಕುರಿಮರಿ ಮೇಯುತ್ತಿದ್ದವೆಂಬ ಮಾತನ್ನು ವಿದ್ವಾಂಸರು ಈವರೆಗೆ ಬರೀ ಆಟವೆಂದು ಬಗೆದು ಕೈಬಿಟ್ಟಿದ್ದಾರೆ. ನಿಧಾನವಾಗಿ ಹೇಳಿ ನೋಡಿದರೆ (ನಿಧಾನವಾಗಿ ಹೇಳುವುದೇ ಈ ಸಂಶೋಧನೆಯ ಹೊಸ ಕ್ರಮ) ಅದೊಂದು ಪರಿಪೂರ್ಣ ಸ್ಥಳ ತನಿಖಾ ವರದಿ. ಸ್ಥಳ, ಏರಿ. ಎಣಿಕೆ, ಮೂರು. ಬಣ್ಣ, ಕರಿ. ವಯಸ್ಸು, ಮರಿ. ಜಾರಿಯಲ್ಲಿರುವ ಕೆಲಸ, ಮೇಯುವುದು. ಇಂದಿನ ಯಾವ ಲೆಕ್ಕಪರಿಶೋಧಕನೂ ಇದಕ್ಕಿಂತ ಹೆಚ್ಚು ಕೇಳಲಾರ. ಇಷ್ಟೆಲ್ಲ ಇದ್ದೂ ಕುರಿ ಕಾಯುವವನ ಸುಳಿವೇ ಇಲ್ಲ! ಅವನು ಬುತ್ತಿ ಬಿಚ್ಚಿ ಕೂತಿದ್ದನೋ, ಏರಿಯ ಕೆಳಗೆ ನಾಲ್ಕನೆಯ ಮರಿಯನ್ನು ಹುಡುಕುತ್ತಿದ್ದನೋ ವರದಿ ಹೇಳುವುದಿಲ್ಲ. ಈ ವಿದ್ಯಮಾನವನ್ನು ನಾವು ‘ಕುರಿಗಾಹಿ ಲೋಪಸಂಧಿ’ ಎಂದು ಕರೆಯುತ್ತೇವೆ. ಪೂರ್ವಪದ ಕೆಲಸ, ಉತ್ತರಪದ ದಾಖಲೆ. ಇವೆರಡೂ ಕೂಡುವಾಗ ನಡುವಿನ ಮನುಷ್ಯ ಬಿಟ್ಟುಹೋಗಿ, ಅರ್ಥ ಮಾತ್ರ ಕೆಡದಂತೆ ಕಾಣುತ್ತದೆ. ವೈಯಾಕರಣ ಕೇಶಿರಾಜ ಇದನ್ನು ಗಮನಿಸದೆ ಹೋದದ್ದು ಆಶ್ಚರ್ಯ.

ಇನ್ನು ಪೂರ್ವಪಕ್ಷ. ಫ್ರೆಡರಿಕ್ ವಿನ್‌ಸ್ಲೋ ಟೇಲರ್ ಎಂಬಾತ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಗಡಿಯಾರ ಹಿಡಿದು ನಿಂತು, ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣದ ಗಟ್ಟಿ ಹೊರುತ್ತಿದ್ದ ಆಳಿನಿಂದ ನಲವತ್ತೇಳೂವರೆ ಟನ್ ಹೊರಿಸಿದೆನೆಂದು 1911ರ ತನ್ನ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಕೂಲಿ 1.15 ಡಾಲರಿನಿಂದ 1.85ಕ್ಕೆ ಏರಿತಂತೆ. ಹೊರೆ ಸುಮಾರು ನಾಲ್ಕರಷ್ಟು, ಕೂಲಿ ಎರಡರಷ್ಟೂ ಇಲ್ಲ. ತರೀಕೆರೆಯ ಅಡಿಕೆ ಮಂಡಿಯಲ್ಲಿ ಹಮಾಲರಿಗೆ ಈ ಲೆಕ್ಕವನ್ನು ವಿವರಿಸಿದಾಗ ಅವರು ಟೇಲರನ ಬುದ್ಧಿಯನ್ನು ಬಹಳವಾಗಿ ಹೊಗಳಿದರು. ‘ನಮ್ಮ ಸಾಹುಕಾರ್ರಿಗೆ ಮಾತ್ರ ಇದನ್ನ ಹೇಳ್ಬೇಡಿ ಸಾರ್’ ಎಂದರು.

ಅದೇ ಪುಸ್ತಕದಲ್ಲಿ ಟೇಲರ್ ಇನ್ನೊಂದು ಮಾತು ಬರೆದ: ಕಬ್ಬಿಣ ಹೊರಲು ತಕ್ಕವನು ಮಂದಬುದ್ಧಿಯವನಾಗಿ, ಮನೋಧರ್ಮದಲ್ಲಿ ಎತ್ತಿಗೆ ಹತ್ತಿರದವನಾಗಿರಬೇಕು ಎಂದು. ಅವನ ಇಡೀ ಶಾಸ್ತ್ರ ಮುಗ್ಗರಿಸುವುದು ಇಲ್ಲೇ. ಅವನು ನೋಡಿದ್ದು ಯಾವ ಎತ್ತನ್ನು? ಅಜ್ಜಂಪುರದ್ದನ್ನಂತೂ ಅಲ್ಲ.

ಅಜ್ಜಂಪುರದ ಎತ್ತೆಂದರೆ ಅಮೃತಮಹಲ್. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಇದನ್ನು ಸಾಕುವ ಇಲಾಖೆಯ ಹೆಸರು ಅರಮನೆಯ ಬೆಣ್ಣೆ ಚಾವಡಿ. ಹಸುಗಳು ಹಾಲು ಬೆಣ್ಣೆಗೆ, ಹೋರಿಗಳು ದಂಡಿಗೆ. ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎನ್ನುತ್ತಾರೆ. ಟಿಪ್ಪು ಇಲಾಖೆಯ ಹೆಸರನ್ನು ಬದಲಿಸಿ ಅಮೃತಮಹಲ್ ಎಂದ, ಜೊತೆಗೆ ಅದನ್ನು ನಡೆಸುವ ಬಗೆಯನ್ನು ವಿಧಿಸಿ ಒಂದು ಹುಕುಂನಾಮೆ ಹೊರಡಿಸಿದ. ಟೇಲರ್ ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮೊದಲಿನ ಕಾರ್ಯವಿಧಾನ ದಾಖಲೆ ಇದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೂ ಇಂಗ್ಲಿಷರು ಹುಕುಂನಾಮೆಯನ್ನು ಬೀಳಿಸಲಿಲ್ಲ. ತಮ್ಮ ಅಧಿಕಾರಿಗಳೂ ಅದರಂತೆಯೇ ನಡೆಯಬೇಕೆಂದರು. ಗೆದ್ದವನು ಸೋತವನ ಖಜಾನೆ ಒಯ್ಯುವುದು ವಾಡಿಕೆ. ಕಚೇರಿ ಕೈಪಿಡಿಯನ್ನೂ ಒಯ್ದದ್ದು ಅಪರೂಪ.

ಈ ವ್ಯವಸ್ಥೆಯ ಜೀವ ಕಾವಲುಗಳಲ್ಲಿತ್ತು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಂದು ಹುಲ್ಲುಗಾವಲನ್ನು ವಿಂಗಡಿಸಿ ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಕೆರೆಯ ಅಂಗಳದಲ್ಲಿ ನೀರೂ ನೆರಳೂ ಉಳಿಯುವ ಕಾವಲು ಬೇಸಿಗೆಗೆ ಮೀಸಲು. ಇದನ್ನು ನಕ್ಷೆಯಲ್ಲಿ ಬರೆಯಬಹುದು. ಆದರೆ ಯಾವ ಬೆಳಗ್ಗೆ ಹಿಂಡು ಎಬ್ಬಿಸಬೇಕು, ಯಾವ ಹಸು ಮುಂದೆ ನಡೆದರೆ ಉಳಿದವು ಹಿಂಬಾಲಿಸುತ್ತವೆ, ಹೊಸಬನನ್ನು ಕಂಡರೆ ಯಾವುದು ಕೊಂಬು ತಗ್ಗಿಸುತ್ತದೆ, ಇವು ಹಿಂಡಿನ ಜೊತೆಗೇ ಮಲಗಿ ಏಳುವ ಸೇರ್ವೆಗಾರನ ತಲೆಯಲ್ಲಿದ್ದವು. ಆ ತಲೆ ಇತ್ತೆಂದೇ ಹುಕುಂನಾಮೆ ನಡೆಯಿತೆಂಬುದು ನಮ್ಮ ಸಿದ್ಧಾಂತ. ಇದಕ್ಕೆ ಪ್ರತ್ಯಕ್ಷ ಪ್ರಮಾಣವನ್ನು ಒದಗಿಸಿದ ಮಹನೀಯರು ಸರ್ ಚಾರ್ಲ್ಸ್ ಟ್ರೆವೆಲಿಯನ್.

ಈ ಟ್ರೆವೆಲಿಯನ್ ಸಾಮಾನ್ಯರಲ್ಲ. 1854ರಲ್ಲಿ ಸ್ಟಾಫರ್ಡ್ ನಾರ್ತ್‌ಕೋಟ್ ಜೊತೆ ಸೇರಿ, ಬ್ರಿಟನ್ನಿನ ಸರ್ಕಾರಿ ನೌಕರರ ಕಾರ್ಯಕ್ಷಮತೆಯನ್ನು ಹೆಚ್ಚಿಸುವುದು ಹೇಗೆಂದು ವರದಿ ಬರೆದವರು. ಪರೀಕ್ಷೆ ಕಟ್ಟಿ ಪಾಸಾದವರಿಗೆ ನೌಕರಿ, ಅರ್ಹತೆ ನೋಡಿ ಬಡ್ತಿ, ಬುದ್ಧಿಯ ಕೆಲಸ ಬೇರೆ, ನಕಲು ಮಾಡುವ ಕೆಲಸ ಬೇರೆ. ಇವತ್ತು ಕಡೂರಿನ ಹುಡುಗನೊಬ್ಬ ಎಸ್‌ಡಿಎ ಪರೀಕ್ಷೆಗೆಂದು ಸರಿರಾತ್ರಿಯವರೆಗೆ ಸಾಮಾನ್ಯ ಜ್ಞಾನ ಉರು ಹೊಡೆಯುತ್ತಿದ್ದರೆ, ಆ ಪಾಪದ ಒಂದು ಬೇರು ಆ ವರದಿಯಲ್ಲಿದೆ. ಇಂಥ ಕ್ಷಮತಾಚಾರ್ಯರು ಮದರಾಸಿನ ಗವರ್ನರಾಗಿ ಬಂದರು. 1860ರಲ್ಲಿ ಅವರ ಆಜ್ಞೆಯಂತೆ, ಮಿತವ್ಯಯದ ಹೆಸರಿನಲ್ಲಿ ಅಮೃತಮಹಲನ್ನು ಬರಖಾಸ್ತು ಮಾಡಿ ಹಿಂಡುಗಳನ್ನು ಮಾರಿದರು. ಕಾಗದದ ಮೇಲೆ ಲಾಭ ನಿಚ್ಚಳವಾಗಿತ್ತು. ದನವನ್ನು ಎಣಿಸಬಹುದು, ಹುಲ್ಲನ್ನು ಅಳೆಯಬಹುದು, ಸಂಬಳವನ್ನು ಕೂಡಬಹುದು. ಸೇರ್ವೆಗಾರನಿಗೆ ಏನು ಗೊತ್ತಿದೆ ಎಂಬುದಕ್ಕೆ ಖಾತೆಯಲ್ಲಿ ಕಾಲಂ ಇರಲಿಲ್ಲ. ಲೋಪಸಂಧಿಗೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗದು.

ಆ ದಶಕ ಮುಗಿಯುವುದರೊಳಗೆ ದಂಡಿಗೆ ಎತ್ತಿಲ್ಲವೆಂದು ಅದೇ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಟ್ರೆವೆಲಿಯನ್ನರನ್ನೂ 1860ರಲ್ಲೇ ವಾಪಸು ಕರೆಸಿಕೊಂಡಿದ್ದರು. ಕಲ್ಕತ್ತೆಯ ಭಾರತ ಸರ್ಕಾರದ ತೆರಿಗೆ ಯೋಜನೆಯನ್ನು ಖಂಡಿಸಿ ಬರೆದ ಟಿಪ್ಪಣಿಯನ್ನು ಅವರು ಪತ್ರಿಕೆಗಳಿಗೆ ಕೊಟ್ಟುಬಿಟ್ಟಿದ್ದರು; ದಾಖಲಿಸುವ ಚಟ ದಾಖಲಿಸುವವರನ್ನೂ ಬಿಡದು. ಆದರೆ ಎತ್ತುಗಳಿಗಿಂತ ಮೊದಲು ಮರಳಿದ್ದು ಅವರೇ. 1862ರಲ್ಲಿ ಅವರಿಗೆ ಭಾರತದ ಹಣಕಾಸು ಖಾತೆ ಸಿಕ್ಕಿತು.

ಇಷ್ಟಾದ ಮೇಲೆ ಕ್ಷೇತ್ರಕಾರ್ಯ. ತಾಲ್ಲೂಕು ಕಚೇರಿಗಳನ್ನು ನಾವು ಬೇಕೆಂದೇ ಬಿಟ್ಟಿದ್ದೇವೆ. ಅಲ್ಲಿ ದಾಖಲಾತಿ ಸಂಪೂರ್ಣವಾಗಿದೆ, ಕಡತ ಚಲಿಸುವುದೊಂದು ಬಾಕಿ. ಅದರ ಬದಲು ತರೀಕೆರೆ ಕಡೆಯ ಒಂದು ಅಡಿಕೆ ಸುಲಿಯುವ ಚಪ್ಪರವನ್ನು ಆರಿಸಿಕೊಂಡೆವು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು, ಎದುರಿಗೆ ಹಸಿ ಅಡಿಕೆಯ ಗುಡ್ಡೆ, ಡಬ್ಬದ ಲೆಕ್ಕದಲ್ಲಿ ಕೂಲಿ. ಬಾಯಿ ಪಕ್ಕದೂರಿನ ಮದುವೆಯ ಊಟದ ವಿಚಾರಣೆ ನಡೆಸುತ್ತಿದ್ದರೆ ಕೈ ತನ್ನಷ್ಟಕ್ಕೆ ಸುಲಿಯುತ್ತಿತ್ತು. ಹಿರಿಯರೊಬ್ಬರ ಪಕ್ಕ ಕೂತು, ಮಾಡುವುದನ್ನು ಹಂತಹಂತವಾಗಿ ಹೇಳಬೇಕೆಂದು ವಿನಂತಿಸಿದೆವು.

‘ಎಡಗೈಲಿ ಕಾಯಿ ತಗೋತೀನಿ… ಅಲ್ಲ, ಬಲಗೈಲಿ. ಆಮೇಲೆ… ಇರಿ ಸಾರ್, ನೋಡ್ಕೊಂಡು ಹೇಳ್ತೀನಿ.’

ಅವರು ತಮ್ಮ ಕೈಯನ್ನೇ ದಿಟ್ಟಿಸಿ ನೋಡತೊಡಗಿದರು. ಕೈ ನಿಂತಿತು. ಆಮೇಲೆ ಚಲಿಸಿದ್ದೂ ಹೊಸದಾಗಿ ಸೈಕಲ್ ಕಲಿಯುವವರ ಹಾಗೆ. ‘ಬೆರಳು ಕುಯ್ಕೊಂಡ್ರೆ ಇವತ್ತಿನ ಕೂಲಿ ನೀವು ಕೊಡ್ತೀರಾ?’ ಎಂಬ ಪ್ರಶ್ನೆ ಬಂದೊಡನೆ ನಾವು ಹಂಡೆಯ ಕಡೆ ಸರಿದೆವು. ಅಲ್ಲಿ ಸುಲಿದ ಅಡಿಕೆ ಚೊಗರಿನಲ್ಲಿ ಬೇಯುತ್ತಿತ್ತು.

‘ಎಷ್ಟು ಹೊತ್ತು ಬೇಯಿಸ್ತೀರಿ?’

‘ಬೇಯೋ ತನಕ.’

‘ಬೆಂದದ್ದು ಹೇಗೆ ಗೊತ್ತಾಗುತ್ತೆ?’

‘ಮಂಡೀಲಿ ಯಾರೂ ಬೈಲಿಲ್ಲ ಅಂದ್ರೆ ಬೆಂದಿತ್ತು ಅಂತ.’

ಇದಕ್ಕಿಂತ ಸಮರ್ಪಕವಾದ ಗುಣಮಟ್ಟ ಸೂತ್ರ ನಮಗೆ ಬೇರೆಲ್ಲೂ ಸಿಕ್ಕಿಲ್ಲ. ನಮ್ಮ ಮುಖ್ಯ ಶೋಧ ಮಾತ್ರ ಬೇರೆ: ಸಂಶೋಧಕ ಚಪ್ಪರಕ್ಕೆ ಹತ್ತಿರವಾದಷ್ಟೂ ಡಬ್ಬ ತುಂಬುವುದು ತಡವಾಗುತ್ತದೆ, ದೂರವಾದಷ್ಟೂ ಬೇಗ ತುಂಬುತ್ತದೆ. ನಾವು ಬೀರೂರು ಜಂಕ್ಷನ್ ಮುಟ್ಟುವ ಹೊತ್ತಿಗೆ ಉತ್ಪಾದಕತೆ ಪರಾಕಾಷ್ಠೆಗೇರಿರಬೇಕು. ರೈಲು ಬಂದುಬಿಟ್ಟಿದ್ದರಿಂದ ಅಳೆಯಲಾಗಲಿಲ್ಲ.

ದನದ ಜಾತ್ರೆಗಳಲ್ಲಿ ಇನ್ನೊಂದು ತೊಡಕು. ಅಲ್ಲಿ ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ದಾಖಲಾಗಬಾರದೆಂದೇ ರೂಪಿಸಿದ ವಿಧಾನವನ್ನು ದಾಖಲಿಸಲು ನಾವು ಟವೆಲ್ಲಿನೊಳಗೆ ಇಣುಕಿದೆವು. ಅದರ ಫಲಿತಾಂಶವನ್ನು ಪ್ರಬಂಧದ ಘನತೆಯ ದೃಷ್ಟಿಯಿಂದ ಕೈಬಿಡಲಾಗಿದೆ.

ಕೊನೆಯದಾಗಿ ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ಹೋರಿ ಕರುಗಳ ಹರಾಜು. ಇದು ಬಹಿರಂಗ ಸವಾಲು, ಟವೆಲ್ಲಿನ ಕಾಟವಿಲ್ಲ. ಜೋಡಿಗೆ ಲಕ್ಷ ದಾಟಿ ಕೂಗುವ ರೈತರು ದೂರದ ಜಿಲ್ಲೆಗಳಿಂದಲೂ ಬರುತ್ತಾರೆ. ಕಾವಲಿನ ಬಯಲಿನಲ್ಲೇ ಬೆಳೆದು ಮೂಗುದಾರವನ್ನೇ ಕಾಣದ ಹೋರಿಗೆ ಮೊದಲ ಹಗ್ಗ ಹಾಕುವ ವಿಧಾನಕ್ಕೆ ನಾವು ಬಾಣದ ಗುರುತುಗಳಿರುವ ಒಂದು ನಕ್ಷೆ ಬರೆದೆವು. ಮೊದಲ ಚೌಕ: ‘ಹೋರಿಯನ್ನು ಸಮೀಪಿಸುವುದು.’ ಅದರ ಕೆಳಗೆ: ‘ಹೋರಿ ಒಪ್ಪಿತೇ?’ ‘ಹೌದು’ ಎಂಬ ಬಾಣ ಬಲಕ್ಕೆ, ಹಗ್ಗದ ಚೌಕಕ್ಕೆ ಹೋಗುತ್ತದೆ. ‘ಇಲ್ಲ’ ಎಂಬ ಬಾಣ ಎಡಕ್ಕೆ ತಿರುಗಿ, ಹಾಳೆಯ ಅಂಚು ದಾಟಿ, ಮೇಜಿನ ಮೇಲಿಂದ ಇಳಿದು, ಬೇಲಿ ಹಾರಿ, ಹೊರಗಿನ ರಸ್ತೆಯವರೆಗೆ ಹೋಯಿತು. ಆ ಬಾಣದ ಜೊತೆ ಸಂಶೋಧಕರೂ ಹೋದರು. ಹರಿದ ಪ್ಯಾಂಟನ್ನು ಯಾವ ಲೆಕ್ಕ ಶೀರ್ಷಿಕೆಗೆ ಹಾಕಬೇಕೆಂದು ಸ್ಪಷ್ಟನೆ ಕೋರಿ ಮೇಲಿನವರಿಗೆ ಬರೆದಿದ್ದೇವೆ. ಮೂರು ಪ್ರತಿಗಳಲ್ಲಿ ಕಳಿಸಿ, ಜೊತೆಗೆ ಹೋರಿಯ ಹೇಳಿಕೆಯನ್ನೂ ಲಗತ್ತಿಸಿ ಎಂದು ಉತ್ತರ ಬಂದಿದೆ.