ಕಂಡೂಮೀಮಾಂಸೆ ಅರ್ಥಾತ್ ತ್ರಿದಳ ವಿಷಲತಾ ವಿಚಾರ

ಸಂಸ್ಕೃತದಲ್ಲಿ ‘ಕಂಡೂ’ ಎಂದರೆ ತುರಿಕೆ. ಕನ್ನಡದಲ್ಲಿ ‘ಕಂಡೂ’ ಎಂದರೆ ನೋಡಿಯೂ. ಅಮೆರಿಕದ ಪೂರ್ವಭಾಗದ ಹಿತ್ತಿಲುಗಳಲ್ಲಿ ಬೇಸಿಗೆ ರಜೆಯ ಮಕ್ಕಳಿಗೆ ತಗಲುವ ಪಾಯ್ಸನ್ ಐವಿ ಎಂಬ ಉಪದ್ರವದಲ್ಲಿ ಈ ಎರಡೂ ಅರ್ಥಗಳು ಕೂಡಿಬರುತ್ತವೆ: ಬೇಲಿಯ ಬಳ್ಳಿಯನ್ನು ದಿನಾ ಕಂಡೂ ಕಾಣದವರ ಮನೆಯಲ್ಲೇ ಕಂಡೂ ಹುಟ್ಟುತ್ತದೆ. ಯಾವ ಶಾಸ್ತ್ರಕ್ಕೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಬೇಕು. ಇಲ್ಲಿ ವಿಷಯವು ಮಗುವಿನ ಮೊಣಕಾಲಿನ ಕೆಳಗೆ ಎದ್ದ ಕೆಂಪು ಗೆರೆ. ಪ್ರಯೋಜನವು ಮನೆಯವರ ರಾತ್ರಿ ನಿದ್ದೆ. ಸಂಬಂಧವು ಬೇಲಿಯಾಚೆ ಉರುಳಿದ ಚೆಂಡು. ಅಧಿಕಾರಿ ಯಾರೆಂಬಲ್ಲಿ ಮಾತ್ರ ಅಪ್ಪ, ಅಮ್ಮ ಮತ್ತು ಆರು ತಿಂಗಳ ಮಟ್ಟಿಗೆ ಬಂದಿರುವ ಅಜ್ಜಿ, ಈ ಮೂವರಲ್ಲಿ ಒಮ್ಮತವಿಲ್ಲ.

ಲತೆಯ ಲಕ್ಷಣ ಹೀಗಿದೆ. ಎಲೆಯೊಂದಕ್ಕೆ ಮೂರು ದಳ. ನಡುವಿನ ದಳಕ್ಕೆ ಉದ್ದನೆಯ ತೊಟ್ಟು, ಅಕ್ಕಪಕ್ಕದ ಎರಡು ಕಡ್ಡಿಗೇ ಕಚ್ಚಿಕೊಂಡಂತಿರುತ್ತವೆ. ಪಕ್ಕದ ದಳದ ಅಂಚಿನಿಂದ ಒಮ್ಮೊಮ್ಮೆ ಹೆಬ್ಬೆರಳಿನಷ್ಟು ಒಂದು ಚಾಚು ಹೊರಟಿರುತ್ತದೆ. ಚಿಗುರು ಕೆಂಪಗೆ ಮಿರುಗುತ್ತದೆ, ಬೇಸಿಗೆಯಲ್ಲಿ ಹಸಿರಾಗುತ್ತದೆ, ಚಳಿಗೆ ಮುಂಚೆ ಮತ್ತೆ ಕೆಂಪೇರುತ್ತದೆ. ಮರ ಹತ್ತಿದ ಹಳೆಯ ಕಾಂಡದ ಮೈತುಂಬ ಕಂದು ಬೇರುಗಳ ರೋಮ. ಐದು ದಳವಿದ್ದರೆ ಅದು ವರ್ಜೀನಿಯಾ ಕ್ರೀಪರ್ ಎಂಬ ಬೇರೆ ಬಳ್ಳಿ. ಮೂರೆಲೆ ಕಂಡರೆ ಮುಟ್ಟಬೇಡ ಎಂದು ಅಲ್ಲಿನ ಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸುತ್ತಾರೆ. ತ್ರಿದಳ ಕಂಡೊಡನೆ ಬಿಲ್ವಪತ್ರೆಯೆಂದು ಸೋಮವಾರ ನೆನಪಿಸಿಕೊಳ್ಳುವ ನಾಡಿನಿಂದ ಹೋದವರಿಗೆ ಈ ಪಾಠ ಬೇಗ ತಲೆಗೆ ಹತ್ತುವುದಿಲ್ಲ.

ಹೆಸರೂ ಮೋಸದ್ದೇ. ಇದು ಐವಿಯ ಜಾತಿಯಲ್ಲ. 17ನೆಯ ಶತಮಾನದಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್ ಇದನ್ನು ಇಂಗ್ಲೆಂಡಿನ ಐವಿಗೆ ಹೋಲಿಸಿ ಬರೆದ, ಹೋಲಿಕೆಯೇ ಹೆಸರಾಗಿ ನಿಂತಿತು. 1753ರಲ್ಲಿ ಲಿನೇಯಸ್ ಇದನ್ನು ರೂಸ್ ಎಂಬ ಕುಲಕ್ಕೆ ಸೇರಿಸಿದ. ಈಗಿನ ಹೆಸರು ಟಾಕ್ಸಿಕೋಡೆಂಡ್ರಾನ್ ರಾಡಿಕನ್ಸ್.

ವಿಷವು ಉರುಶಿಯಾಲ್ ಎಂಬ ಎಣ್ಣೆ. ಜಪಾನಿನವರು ಮರದ ಬಟ್ಟಲುಗಳಿಗೆ ಬಳಿಯುವ ಉರುಶಿ ಎಂಬ ಮೆರುಗು ಇದೇ ಕುಲದ ಇನ್ನೊಂದು ಮರದ ಸೊನೆ, ಎಣ್ಣೆಗೆ ಹೆಸರು ಬಂದದ್ದು ಅಲ್ಲಿಂದ. ಎಲೆಯೋ ಕಾಂಡವೋ ತುಸು ಜಜ್ಜಿದರೆ ಸಾಕು, ಎಣ್ಣೆ ಹೊರಬಂದು ಅಂಟಿಕೊಳ್ಳುತ್ತದೆ. ಆ ಹೊತ್ತಿಗೆ ಉರಿಯಿಲ್ಲ, ನೋವಿಲ್ಲ, ತುರಿಕೆಯೂ ಇಲ್ಲ. ಹತ್ತು ನಿಮಿಷದೊಳಗೆ ಸೋಪು ಹಚ್ಚಿ ಚೆನ್ನಾಗಿ ತೊಳೆದರೆ ಬಹುಪಾಲು ಹೋಗುತ್ತದೆ. ತಡವಾದರೆ ಚರ್ಮದೊಳಕ್ಕೆ ಇಳಿದು ಅಲ್ಲಿನ ಪ್ರೋಟೀನಿಗೆ ಬೆಸೆದುಕೊಳ್ಳುತ್ತದೆ, ಮೈಯ ರಕ್ಷಕ ಕಣಗಳು ತಮ್ಮ ಚರ್ಮವನ್ನೇ ಪರಕೀಯವೆಂದು ಭಾವಿಸಿ ಯುದ್ಧ ಹೂಡುತ್ತವೆ. ನೂರರಲ್ಲಿ ಸುಮಾರು 85 ಮಂದಿಗೆ ಇದು ಒಗ್ಗದು. ಹಿಂದೊಮ್ಮೆ ತಾಗಿದವರಿಗೆ ಒಂದೆರಡು ದಿನದಲ್ಲಿ ಗುಳ್ಳೆ ಏಳುತ್ತವೆ, ಮೊದಲ ಸಲವಾದರೆ ಎರಡು ಮೂರು ವಾರವೂ ಹಿಡಿಯಬಹುದು. ಅಷ್ಟರಲ್ಲಿ ಮಗುವಿಗೆ ಚೆಂಡು ಬೇಲಿಗೆ ಹೋದದ್ದೇ ಮರೆತಿರುತ್ತದೆ. ಈ ಮರೆವಿನ ಅಂತರದಲ್ಲಿಯೇ ಮೀಮಾಂಸೆಗೆ ಅವಕಾಶ.

ಗುಳ್ಳೆ ಎಂಥದೆಂದು ತಿಳಿಯುವ ಪ್ರಮಾಣಗಳಲ್ಲಿ ಮೊದಲನೆಯದು ಪ್ರತ್ಯಕ್ಷ. ಅಪ್ಪ ಫೋನಿನ ಟಾರ್ಚು ಹಾಕಿ ಚಿತ್ರ ತೆಗೆದು, ಎರಡು ಬೆರಳಿನಿಂದ ಅಗಲಿಸಿ, ಗುಳ್ಳೆಯನ್ನು ಹಪ್ಪಳದಷ್ಟು ಮಾಡಿ ನೋಡುತ್ತಾನೆ. ಹಪ್ಪಳದಷ್ಟಾದ ಮೇಲೆ ಎಲ್ಲ ಗುಳ್ಳೆಯೂ ಒಂದೇ. ಎರಡನೆಯದು ಅನುಮಾನ, ಇದು ಅಮ್ಮನ ಪಕ್ಷ. ಹೊಗೆಯಿದ್ದಲ್ಲಿ ಬೆಂಕಿಯಿರುವಂತೆ ಗೆರೆಯಿದ್ದಲ್ಲಿ ಬಳ್ಳಿ: ಸೊಳ್ಳೆ ಸಾಲು ಹಿಡಿದು ಕಚ್ಚುವುದಿಲ್ಲ, ಸವರಿಹೋದ ಎಲೆಯೇ ಗೆರೆ ಎಳೆಯುತ್ತದೆ. ವೈದ್ಯರೂ ಈ ಗೆರೆಯನ್ನು ದೊಡ್ಡ ಸುಳಿವೆಂದು ಒಪ್ಪುತ್ತಾರೆ. ಬೆಕ್ಕು ಪರಚಿದರೂ ಗೆರೆ ಬೀಳುತ್ತದಲ್ಲ ಎಂಬುದು ಅಪ್ಪನ ಆಕ್ಷೇಪ. ಮನೆಯಲ್ಲಿ ಬೆಕ್ಕಿಲ್ಲ.

ಮೂರನೆಯದು ಶಬ್ದ, ಅಂದರೆ ಮೈಸೂರಿನ ದೊಡ್ಡಮ್ಮನಿಗೆ ವಿಡಿಯೋ ಕರೆ. ದೊಡ್ಡಮ್ಮ ನೋಡಿದೊಡನೆ ಸರ್ಪಸುತ್ತು ಎನ್ನುತ್ತಾರೆ. ಹಿಂದಿನಿಂದ ಯಾರೋ ಪಿತ್ತದ ಗಂಧೆ ಎನ್ನುತ್ತಾರೆ. ಅಡುಗೆಮನೆಯಿಂದ ‘ಅಮ್ಮ ಆಗಿರಬೇಕು, ಬೇವಿನ ಸೊಪ್ಪು ಸಿಗತ್ತಾ ಅಲ್ಲಿ?’ ಎಂಬ ಅಶರೀರವಾಣಿ ಕೇಳುತ್ತದೆ. ಆಪ್ತವಾಕ್ಯ ಪ್ರಮಾಣವೇ ಸರಿ, ಆದರೆ ಆಪ್ತರು ಮೂವರಾದರೆ ವಾಕ್ಯವೂ ಮೂರಾಗುತ್ತದೆಂಬುದನ್ನು ಪೂರ್ವಾಚಾರ್ಯರು ಗಮನಿಸಿದಂತಿಲ್ಲ.

ನಾಲ್ಕನೆಯದು ಉಪಮಾನ. ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜಿ ಮಗುವಿನ ಕಾಲನ್ನು ಮಡಿಲಿಗೆಳೆದುಕೊಂಡು, ಕನ್ನಡಕ ಏರಿಸಿ, ‘ಇದು ಸೊನೆ ಕಣೇ. ಮಾವಿನ ಸೊನೆ ಸಿಡಿದ ಹಾಗೇ ಇದೆ’ ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ನ್ಯೂಜೆರ್ಸಿಯ ಬೇಲಿಯಲ್ಲಿ ಮಾವು ಎಲ್ಲಿಂದ ಬರಬೇಕು? ನಕ್ಕವರಿಗೆ ಸಸ್ಯಶಾಸ್ತ್ರ ಗೊತ್ತಿಲ್ಲ. ಪಾಯ್ಸನ್ ಐವಿ, ಮಾವು, ಗೋಡಂಬಿಯ ಗೇರು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು, ಇವೆಲ್ಲ ಅನಕಾರ್ಡಿಯೇಸೀ ಎಂಬ ಒಂದೇ ಕುಟುಂಬದವು. ಮಾವಿನ ಸೊನೆಯಲ್ಲೂ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲೂ ಇರುವ ಉರಿಕಾರಕಗಳು ಉರುಶಿಯಾಲಿನ ದಾಯಾದಿಗಳು. ಐವಿ ತಾಗಿ ನರಳಿದವರಲ್ಲಿ ಕೆಲವರಿಗೆ ಮಾವಿನ ಸಿಪ್ಪೆ ತುಟಿಗೆ ತಗಲಿದರೂ ಬಾಯಿಸುತ್ತ ಗುಳ್ಳೆ ಏಳುವುದುಂಟು. ಮಲೆನಾಡಿನವರು ಅಪ್ಪೆಮಿಡಿಯ ಸೊನೆಯನ್ನು ಅದರ ಪರಿಮಳಕ್ಕಾಗಿ ಉಪ್ಪಿನಕಾಯಿಗೆ ಬಿಡುತ್ತಾರೆ. ಅದೇ ಸೊನೆ ಮಿಡಿ ಕೊಯ್ಯುವವರ ಕೈಮೇಲೆ ಬಿದ್ದರೆ ಕಪ್ಪು ಕಲೆ ಮಾಡುತ್ತದೆ. ಹೀಗೆ ಲ್ಯಾಟಿನ್ ಗ್ರಂಥಗಳು ಹೇಳುವ ಕುಟುಂಬವನ್ನು ಅಜ್ಜಿ ಮಡಿಲಲ್ಲೇ ಹೇಳಿದ್ದಾಳೆ. ವೈಶೇಷಿಕರು ಉಪಮಾನವನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಲಿಲ್ಲ. ಅವರಾರೂ ಮಿಡಿ ಕೊಯ್ದವರಲ್ಲವೆಂದು ಊಹಿಸಬೇಕಾಗಿದೆ.

ಅನುಪಲಬ್ಧಿಯೆಂಬ ಪ್ರಮಾಣವನ್ನು ಅಪ್ಪ ನಾಯಿಯ ಮೂಲಕ ಮಂಡಿಸುತ್ತಾನೆ: ನಾಯಿಯೂ ಅದೇ ಬೇಲಿಗೆ ನುಗ್ಗಿತ್ತು, ಅದಕ್ಕೇನೂ ಆಗಿಲ್ಲ, ಆದ್ದರಿಂದ ಅಲ್ಲಿ ವಿಷವಿಲ್ಲ. ಇದು ಹೇತ್ವಾಭಾಸ. ನಾಯಿಯ ಚರ್ಮವನ್ನು ರೋಮ ಕಾಯುತ್ತದೆ. ರೋಮಕ್ಕೆ ಹತ್ತಿದ ಎಣ್ಣೆ ಮುದ್ದಿಸಿದವರ ಕೈಗೆ ಬರುತ್ತದೆ. ನಾಯಿ ಇಲ್ಲಿ ಸಾಕ್ಷಿಯಲ್ಲ, ವಾಹನ.

ಗುಳ್ಳೆಯ ನೀರು ಸೋರಿದಲ್ಲೆಲ್ಲ ರೋಗ ಹರಡುತ್ತದೆಂಬ ಪೂರ್ವಪಕ್ಷವಿದೆ. ಈ ಪಕ್ಷ ಗೆದ್ದ ಮನೆಯಲ್ಲಿ ಮಗುವಿಗೆ ಬೇರೆ ಟವೆಲು, ಬೇರೆ ಕುರ್ಚಿ, ಪಕ್ಕದ ಮನೆಯವರಿಗೆ ಸುದ್ದಿ. ಸಿದ್ಧಾಂತ ಬೇರೆ: ಆ ನೀರಿನಲ್ಲಿ ಎಣ್ಣೆಯಿಲ್ಲ. ಎಣ್ಣೆ ಹೆಚ್ಚು ತಗಲಿದಲ್ಲಿ, ಚರ್ಮ ತೆಳುವಾದಲ್ಲಿ ಗುಳ್ಳೆ ಮೊದಲೇಳುತ್ತದೆ, ಉಳಿದೆಡೆ ಎರಡು ದಿನ ತಡವಾಗಿ. ನೋಡುವವರಿಗೆ ಅದು ನಡೆದುಬಂದಂತೆ ಕಾಣುತ್ತದೆ. ನಿಜವಾಗಿ ಹರಡುವುದು ಉಗುರಿನ ಸಂದಿ, ಬೂಟಿನ ದಾರ, ಅಂಗಿಯ ತೋಳುಗಳಲ್ಲಿ ಉಳಿದ ಎಣ್ಣೆ. ತಿಂಗಳುಗಟ್ಟಲೆ ಅದರ ಸತ್ವ ಕೆಡುವುದಿಲ್ಲ.

ಚಿಕಿತ್ಸೆ ಶಾಸ್ತ್ರದಷ್ಟು ದೊಡ್ಡದಲ್ಲ. ಮಗುವಿನ ಮೈ, ಬಟ್ಟೆ, ನಾಯಿ ಮೂರನ್ನೂ ಸೋಪಿನಲ್ಲಿ ತೊಳೆಯುವುದು, ಉಗುರು ಕತ್ತರಿಸುವುದು, ತಣ್ಣೀರ ಬಟ್ಟೆ ಹಾಕುವುದು, ಓಟ್ಸ್ ಪುಡಿ ಕದಡಿದ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸುವುದು, ಕ್ಯಾಲಮೈನ್ ಬಳಿಯುವುದು, ಬೇಕಿದ್ದರೆ ವೈದ್ಯರನ್ನು ಕೇಳಿ ಶೇ. 1ರ ಹೈಡ್ರೊಕಾರ್ಟಿಸೋನ್ ಮುಲಾಮು ತೆಳ್ಳಗೆ ಹಚ್ಚುವುದು. ಗುಲಾಬಿ ಬಣ್ಣದ ಕ್ಯಾಲಮೈನ್ ಕಂಡು, ಊರಿನಲ್ಲಿ ಸರ್ಪಸುತ್ತಿಗೆ ಹಚ್ಚುವ ಕೆಮ್ಮಣ್ಣೇ ಬಾಟಲಿಗೆ ಬಂದಿದೆಯೆಂದು ದೊಡ್ಡಮ್ಮ ಬೀಗುತ್ತಾರೆ. ಎರಡಕ್ಕೂ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡೇ ಆದ್ದರಿಂದ ಈ ಬೀಗುವಿಕೆಯನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಕಣ್ಣು, ಮುಖ, ಮರ್ಮಾಂಗಗಳಿಗೆ ತಗಲಿದರೆ, ಊತ ಏರಿದರೆ, ಜ್ವರ ಬಂದರೆ, ಕೀವು ತುಂಬಿದರೆ ಮೀಮಾಂಸೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಉಸಿರಾಟಕ್ಕೆ ತೊಂದರೆಯಾದರೆ ತುರ್ತುಚಿಕಿತ್ಸೆಯೇ ಸರಿ. ಬಳ್ಳಿಯನ್ನು ಕಿತ್ತು ಸುಡುವುದು ಮಹಾಪರಾಧ: ಹೊಗೆಯ ಜೊತೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಏನು ಹಚ್ಚಿದರೂ, ಏನೂ ಹಚ್ಚದಿದ್ದರೂ, ಸಾಧಾರಣ ಗುಳ್ಳೆ ಒಂದರಿಂದ ಮೂರು ವಾರದಲ್ಲಿ ಒಣಗುತ್ತದೆ. ಅಷ್ಟರೊಳಗೆ ಅಪ್ಪ ಮುಲಾಮು ಬದಲಿಸಿರುತ್ತಾನೆ, ಅಮ್ಮ ಓಟ್ಸ್ ಮುಗಿಸಿರುತ್ತಾಳೆ, ದೊಡ್ಡಮ್ಮ ನಾಗರಕಲ್ಲಿಗೆ ಹಾಲೆರೆಸಿರುತ್ತಾರೆ, ಅಜ್ಜಿ ದೃಷ್ಟಿ ತೆಗೆದಿರುತ್ತಾಳೆ. ಗುಣವಾದದ್ದು ತನ್ನಿಂದಲೇ ಎಂದು ನಾಲ್ವರಿಗೂ ಗೊತ್ತು. ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುವ ಆ ಚೆಂಡನ್ನು ಮಾತ್ರ ಇನ್ನೂ ಯಾರೂ ತೊಳೆದಿಲ್ಲ.